ಮೊದಲ ತುತ್ತು ಉಂಡ ಗುರುದೇವಿ

ನನ್ನ ಅಕ್ಷರ ಚೆಂದವಿಲ್ಲ. ಸಾಲು ಹೋಗುತ್ತ ಹೋಗುತ್ತ ಕೆಳಗೆ ಜಾರುತ್ತದೆ, ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಆರನೆಯ ಜಮಾತಿನ ನಡುವೆ ಶಾಲೆ ಬಿಟ್ಟವಳಿಗೆ ದೊಡ್ಡ ಮಾತುಗಳೂ ಬರುವುದಿಲ್ಲ. ಓದುವವರು ಮನ್ನಿಸಬೇಕು. ಒಂದೊಂದು ವಾಕ್ಯವನ್ನೂ ಮೊದಲು ಪಾಟಿಯ ಮೇಲೆ ಬರೆದು, ಓದಿ ನೋಡಿ, ಆಮೇಲೆ ಕಾಗದಕ್ಕೆ ಇಳಿಸಿದ್ದೇನೆ. ಇನ್ನೂ ತಪ್ಪು ಉಳಿದಿದ್ದರೆ ಅದು ನನ್ನದು. ನಡೆದದ್ದು ಮಾತ್ರ ನಡೆದ ಹಾಗೆಯೇ ಇದೆ.

ಇದು ನನ್ನ ಅವ್ವ ಗುರುದೇವಿಯ ಕತೆ. ಇದರಲ್ಲಿ ಅವಳ ಮಗಳೂ ಬರುತ್ತಾಳೆ. ಆ ಮಗಳು ನಾನೇ. ‘ನಾನು, ನಾನು’ ಎಂದು ಬರೆಯಲು ನಾಚಿಕೆಯಾಗುತ್ತದೆ. ಅದಕ್ಕೆ ಅಲ್ಲೆಲ್ಲ ‘ಮಗಳು’ ಎಂದೇ ಬರೆದಿದ್ದೇನೆ.

ಗುರುದೇವಿ ಸೇಡಂ ಕಡೆಯ ಮುಧೋಳದವಳು. ಮದುವೆಯಾಗಿ, ಸೇಡಂನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಬಂದಿಳಿದಾಗ ಅವಳಿನ್ನೂ ಸಣ್ಣ ಹುಡುಗಿ. ಗಂಡ ದೇವಿಂದ್ರಪ್ಪ ಊರ ಹೊರಗಿನ ಖಣಿಯಲ್ಲಿ ಹಾಸುಗಲ್ಲು ಎಬ್ಬಿಸುವವನು. ನೆಲದೊಳಗೆ ಕಲ್ಲು ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗಿ ಮಲಗಿರುತ್ತದೆ. ಸರಿಯಾದ ಸಂದು ಹುಡುಕಿ ಉಳಿ ಇಟ್ಟು ಬಡಿದರೆ ಆಳೆತ್ತರದ ಫರ್ಸಿ ಒಡೆಯದೆ ಎದ್ದು ಬರುತ್ತದೆ. ದೇವಿಂದ್ರಪ್ಪನಿಗೆ ಆ ಕೈಚಳಕವಿತ್ತು, ನಗುವ ಬಾಯಿಯಿತ್ತು. ಹೆಂಡತಿ ಜೋಳದ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕುಳಿತು, "ನಾ ಎಬ್ಬಿಸೋ ಫರ್ಸಿಗಿಂತ ನಿನ್ನ ರೊಟ್ಟಿ ತೆಳ್ಳಗ ಅದಾವಲ್ಲೇ. ನಾಳಿಂದ ಖಣಿಗಿ ನೀ ಹೋಗು, ನಾ ಒಲಿ ಮುಂದ ಕುಂದರ್ತೀನಿ" ಎನ್ನುತ್ತಿದ್ದ.

ಮನೆಯಲ್ಲಿ ಅವನ ತಾಯಿ ಮಹಾದೇವಮ್ಮ ಇದ್ದಳು. ಗಂಡ ಅಮೃತಪ್ಪ ಚಿತ್ತಾಪುರದ ಹತ್ತಿರದ ಹಳ್ಳಿಯಲ್ಲಿ ತೀರಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಶಹಾಬಾದಿಗೆ ಬಂದು ನೆಲೆಸಿದವಳು. ದೊಡ್ಡ ಮಗ ಕಲ್ಯಾಣಪ್ಪ ವಾಡಿಯಲ್ಲಿ ಸಂಸಾರ ಹೂಡಿದ್ದ, ಮಗಳು ನೀಲಾಬಾಯಿಯನ್ನು ಚಿಂಚೋಳಿಗೆ ಕೊಟ್ಟಿದ್ದರು. ದೇವಿಂದ್ರಪ್ಪನೆಂದರೆ ಅವಳಿಗೆ ಜೀವ. "ಅವರಪ್ಪಂದು ಬೆಕ್ಕಿನ ಕಣ್ಣು ನನ್ನ ದೇವಿಂದ್ರಗ ಒಬ್ಬಗೇ ಬಂದಾವ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ನಿಜಾಮರ ಆಳಿಕೆ ಹೋಗಿ ಸ್ವಲ್ಪ ಕಾಲವಾಗಿತ್ತು. ಶಾಲೆಯ ಹಲಗೆಯ ಮೇಲೆ ಉರ್ದು ಹೋಗಿ ಕನ್ನಡ ಬಂದಿತ್ತು. ಮಗಳು ಹುಟ್ಟಿ ಇನ್ನೂ ತೊದಲು ಮಾತಾಡುತ್ತಿದ್ದಳು. ಆ ಮಳೆಗಾಲ ದೇವಿಂದ್ರಪ್ಪನ ಹೊಟ್ಟೆ ಕೆಟ್ಟಿತು. ಹೊಸ ನೀರಿಗೆ ಎಲ್ಲರಿಗೂ ಕೆಡುತ್ತದೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊರಿನವರದು ವಾಸಿಯಾಯಿತು, ಇವನದು ಆಗಲಿಲ್ಲ. ಒಂದು ತಿಂಗಳು ನಿಲ್ಲುವುದು, ಮತ್ತೆ ಬರುವುದು. ಬಂದಾಗ ರಕ್ತ ಬೀಳುವುದು. ಬಾಯಲ್ಲಿ ಹುಣ್ಣು, ಮೊಣಕಾಲಿಗೆ ಬಾವು. ಖಣಿಯಲ್ಲಿ ಸುತ್ತಿಗೆ ಎತ್ತಿದವನು ಅರ್ಧಕ್ಕೆ ಬಿಟ್ಟು, ನೀರಿನ ಚರಿಗೆ ಹಿಡಿದು ಕಲ್ಲಿನ ಗುಡ್ಡೆಯ ಹಿಂದೆ ಓಡುವನು. ಜೊತೆಯವರು ನಗುತ್ತಿದ್ದರು: "ಏ ದೇವಿಂದ್ರ, ಉಳಿ ಬಿಟ್ಟು ಚರಗೀನೇ ಹಿಡಿಯಪ್ಪಾ. ಮುಕಾದಮಗ ಹೇಳಿ ಅಲ್ಲೇ ನಿನ್ನ ಹಾಜರಿ ಹಾಕಸ್ತೀವಿ!"

ಒಂದು ದಿನ ಅವನ ಧೋತರ ಒಗೆಯಲು ಹಾಕಿದಾಗ ಮಹಾದೇವಮ್ಮ ಆ ರಕ್ತದ ಕಲೆ ನೋಡಿದಳು. ಅವಳ ಮುಖ ಬೂದಿಯಾಯಿತು. ಕಲ್ಲಿನ ಮೇಲೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಮಗನ ಮೇಲಿನ ಮಮತೆ ಎಂದುಕೊಂಡಳು ಗುರುದೇವಿ, ನೀರು ತಂದು ಕೊಟ್ಟಳು. ಮಹಾದೇವಮ್ಮ ನೀರು ಮುಟ್ಟಲಿಲ್ಲ. ಸೊಸೆಯ ಕೈಯನ್ನೇ ನೋಡಿದಳು. ಆಮೇಲೆ ಓಣಿಗೆ ಕೇಳುವಂತೆ ಅಂದಳು:

"ಇದು ಜಡ್ಡಲ್ಲ. ಮದ್ದು."

ನಮ್ಮ ಕಡೆ ಮದ್ದು ಹಾಕುವುದು ಎಂದರೆ ಎಲ್ಲರಿಗೂ ಗೊತ್ತು. ಗಂಡ ತನ್ನ ಮಾತು ಮೀರಬಾರದೆಂದು ಹೆಂಡತಿ ಊಟದಲ್ಲಿ ಕದ್ದು ಏನೋ ಕಲಸುತ್ತಾಳಂತೆ. ಅದು ಹೊಟ್ಟೆಯಲ್ಲಿ ಅರಗದೆ ಕುಳಿತು ಕರುಳು ತಿನ್ನುತ್ತದಂತೆ. ಯಾರೂ ಕಣ್ಣಾರೆ ಕಂಡದ್ದಲ್ಲ, ಯಾರೂ ಇಲ್ಲವೆನ್ನುವುದೂ ಇಲ್ಲ.

ಅಂದು ಮಧ್ಯಾಹ್ನ ದೇವಿಂದ್ರಪ್ಪ ಉಣ್ಣಲು ಕುಳಿತ. ಗುರುದೇವಿ ಗಂಗಾಳದಲ್ಲಿ ರೊಟ್ಟಿ, ಬೇಳೆ ಬಡಿಸಿ ಮುಂದಿಟ್ಟಳು. ಮಹಾದೇವಮ್ಮ ಬೀದಿ ಬಾಗಿಲು ಪೂರಾ ತೆರೆದಳು.

"ಉಣ್ಣು" ಅಂದಳು ಸೊಸೆಗೆ.

"ಏನ್ರೀ ಅತ್ತಿ?"

"ನನ್ನ ಮಗನ ಗಂಗಾಳದಾಗಿನ ಮೊದಲ ತುತ್ತು ನೀ ಉಣ್ಣು. ಎಲ್ಲಾರೂ ನೋಡ್ಲಿ."

ಗುರುದೇವಿ ಗಂಡನ ಮುಖ ನೋಡಿದಳು. ಅವನು ಬೇಳೆಯ ಬಟ್ಟಲು ನೋಡುತ್ತ ಕುಳಿತಿದ್ದ. ನೀರಿಗೆ ಹೊರಟ ಹೆಂಗಸರು ಕೊಡ ಸೊಂಟಕ್ಕಿಟ್ಟು ಬಾಗಿಲಲ್ಲಿ ನಿಂತರು. ಗುರುದೇವಿ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟಳು. ಸಿಟ್ಟಿಗೆ ಅವಳ ಕಿವಿ ಸುಡುತ್ತಿದ್ದವು. ಆದರೂ ಉಂಡಳು, ಉಂಡರೆ ಸುಳ್ಳು ಬಯಲಾಗುತ್ತದೆಂದು ನಂಬಿ.

ಅದೇ ದಿನಕ್ಕೆರಡು ಸಲದ ಪದ್ಧತಿಯಾಯಿತು. ಗಂಡ ಸೊರಗಿದ, ಅವನ ತುತ್ತು ಉಂಡವಳು ಗಟ್ಟಿಯಾಗಿಯೇ ಇದ್ದಳು. ಹಾಗಾದರೆ ಅನ್ನದಲ್ಲಿ ಏನೂ ಇಲ್ಲ ಎಂದು ಯಾರಾದರೂ ಅಂದರೇ? ಇಲ್ಲ. "ಹಾಕಿದಾಕಿಗಿ ತನ್ನ ಮದ್ದು ತಟ್ಟಂಗಿಲ್ಲ" ಅಂದರು. ಉಣ್ಣದಿದ್ದರೂ ಅವಳೇ ಕಳ್ಳಿ, ಉಂಡರೂ ಅವಳೇ ಕಳ್ಳಿ.

ಪಕ್ಕದ ಮನೆಯ ಬಿಬಿಜಾನ್ ಒಬ್ಬಳೇ ಗೋಡೆಯ ಮೇಲಿಂದ ಕೈ ಚಾಚುತ್ತಿದ್ದಳು. "ಗುರುದೇವಿ, ನಿನ್ನ ಮದ್ದಿನ ರೊಟ್ಟಿ ಎರಡು ಕೊಡವ್ವಾ. ನನ್ನ ಮನುಷ್ಯಾಗ ತಿನ್ನಸ್ತೀನಿ. ನಾಕ ದಿನ ಚರಗಿ ಹಿಡಕೊಂಡು ತಿರಗ್ಲಿ, ನನಗ ಬಯ್ಯಾಕ ಪುರಸತ್ತೇ ಸಿಗಬಾರ್ದು!" ಅವಳ ಮಾತಿಗೆ ಗುರುದೇವಿ ನಗುತ್ತಿದ್ದಳು. ಆ ದಿನಗಳಲ್ಲಿ ಅವಳು ನಕ್ಕದ್ದು ಆ ಗೋಡೆಯ ಹತ್ತಿರ ಮಾತ್ರ.

ಗಂಡನನ್ನು ಗುಲ್ಬರ್ಗಾದ ದವಾಖಾನೆಗೆ ಒಯ್ಯಬೇಕೆಂದು ಹಟ ಹಿಡಿದವಳು ಗುರುದೇವಿಯೇ. ಮಹಾದೇವಮ್ಮ ತಾನೂ ಬರುತ್ತೇನೆಂದು ಹೊರಟಳು. ಡಾಕ್ಟರು ಹೈದರಾಬಾದಿನ ಕಡೆ ಓದಿದವರು. ಹೊಟ್ಟೆ ಒತ್ತಿ ನೋಡಿದರು, ಬಾಯಿಯ ಹುಣ್ಣು ನೋಡಿದರು, ಮೊಣಕಾಲು ಮುಟ್ಟಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು ನಿಧಾನವಾಗಿ ಹೇಳಿದರು.

"ನೋಡ್ರಿ ಅಮ್ಮಾ, ಇದು ಎರಡು ನಮೂನಿ ಇರ್ತದ. ಒಂದು ಕೆಟ್ಟ ನೀರಿನಿಂದ ಬರೋದು. ಸೂಜಿ ಹಾಕಿದ್ರ ಹೋಗ್ತದ. ಇನ್ನೊಂದು ಕರುಳು ಒಳಗಿಂದ ತಾನೇ ಹುಣ್ಣಾಗೋದು. ಅದು ಕೆಲವು ಖಾನದಾನದಾಗ ಬರ್ತದ, ಮೂಗು ಕಣ್ಣು ಬಂದಂಗ. ಎಲ್ಲಾರಿಗೂ ಬರಂಗಿಲ್ಲ, ಒಬ್ಬರಿಗಿ ಬಿಟ್ಟು ಒಬ್ಬರಿಗಿ ಬರ್ತದ. ಯಾಕ ಅಂತ ನಮಗೂ ಪೂರಾ ಗೊತ್ತಿಲ್ಲ. ಅದಕ್ಕ ದವಾ ಬ್ಯಾರೆ, ಪಥ್ಯ ಬ್ಯಾರೆ. ಅದಕ್ಕೇ ಕೇಳ್ತೀನಿ, ಖರೇ ಹೇಳ್ರಿ. ನಿಮ್ಮ ಮನ್ಯಾಗ ಮತ್ಯಾರಿಗಾರ ಇತ್ತೇನು? ಇವರ ತಂದಿಗಿ? ಅಣ್ಣಗ, ತಂಗಿಗಿ?"

ಗುರುದೇವಿ ಅತ್ತೆಯ ಕಡೆ ತಿರುಗಿದಳು. ಮಾವನನ್ನು ಅವಳು ಕಂಡಿರಲಿಲ್ಲ. ಕಾಲರಾದಲ್ಲಿ ಹೋದನೆಂದು ಕೇಳಿದ್ದಳು, ಅಷ್ಟೇ. ದೇವಿಂದ್ರಪ್ಪನಿಗೂ ಅಷ್ಟೇ ಗೊತ್ತಿತ್ತು. ಅಪ್ಪ ಸಾಯುವಾಗ ಅವನೂ ಅಣ್ಣನೂ ವಾಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದರು.

ಮಹಾದೇವಮ್ಮ ಸೆರಗು ಎಳೆದುಕೊಂಡಳು. "ಇಲ್ರೀ ಸಾಹೇಬ್ರ. ನಮ್ಮ ಮನಿತನದಾಗ ಯಾರಿಗೂ ಇಲ್ಲ. ಈಕಿ ಕಾಲಿಟ್ಟ ಮ್ಯಾಲೇ ಬಂದದ."

ಡಾಕ್ಟರು ತಲೆಯಾಡಿಸಿದರು. ಕೆಟ್ಟ ನೀರಿನ ಸೂಜಿ ಹಾಕಿ ಕಳಿಸಿದರು.

ಸೂಜಿಗೆ ಅವನು ಇನ್ನಷ್ಟು ನಿತ್ರಾಣನಾದ. ದವಾಖಾನೆಯ ಮೇಲಿನ ನಂಬಿಕೆ ಹೋಯಿತು. ಮಹಾದೇವಮ್ಮ ಮಗನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಕಾಳಗಿಗೆ ಒಯ್ದಳು, ಗುರುದೇವಿಯೂ ಜೊತೆಗೆ ಹೋದಳು. ಅಲ್ಲಿ ಮಾಣಿಕಪ್ಪ ಎಂಬವನು ಮದ್ದು ತೆಗೆಯುವುದರಲ್ಲಿ ಹೆಸರಾದವನು. ಯಾವುದೋ ಸೊಪ್ಪಿನ ರಸ ಕುಡಿಸಿದ, ಬೆನ್ನು ಗುದ್ದಿದ, ಕುತ್ತಿಗೆ ಹಿಡಿದು ಪರಾತಿನೊಳಗೆ ಕಕ್ಕಿಸಿದ. ಎದ್ದು ನಿಲ್ಲಲಾಗದವನು ಹಸಿರು ನೀರು ಕಕ್ಕಿದ, ಆಮೇಲೆ ಬರೀ ನೊರೆ ಕಕ್ಕಿದ. ಮಾಣಿಕಪ್ಪ ಪರಾತಿನಲ್ಲಿ ಕೈಯಾಡಿಸಿ, ಕೂದಲು ಸುತ್ತಿದ ಕರಿಯ ಉಂಡೆಯೊಂದನ್ನು ಎತ್ತಿ ಹಿಡಿದ.

"ನೋಡ್ರಿ, ಇದೇ! ಎಷ್ಟು ವರ್ಷದ್ದು ಅದ ನೋಡ್ರಿ!"

ಸುತ್ತಲಿನವರು ಹೋ ಎಂದರು. ಗುರುದೇವಿ ಹತ್ತಿರ ಬಗ್ಗಿ ನೋಡಿದಳು. "ಪರಾತ ತುಂಬ ನೀರದ, ಉಂಡಿ ಒಣಾನೇ ಅದಲ್ರಿ?"

ಮಾಣಿಕಪ್ಪ ಕಣ್ಣು ಮಿಟುಕಿಸಲಿಲ್ಲ. "ಮದ್ದು ನೀರು ಕುಡಿಯಂಗಿಲ್ಲ ತಂಗಿ. ಹಾಕಿದಾಕಿ ನೀನು, ನನಗ ಕೇಳ್ತಿಯಲ್ಲ!"

ನೆರೆದವರೆಲ್ಲ ನಕ್ಕರು. ಪರಾತಿಗೆ ಕೈ ಹಾಕುವ ಮೊದಲೇ ಅವನ ಅಂಗೈಗೆ ಕರಿ ಹತ್ತಿದ್ದು ಅವಳೊಬ್ಬಳಿಗೇ ಕಂಡಿತ್ತು. ಆ ಕೈ ಮುರಿಯಬೇಕೆನಿಸಿತು. ಗಾಡಿಯಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು.

ಮನೆಗೆ ಬಂದ ಮೇಲೆ ಗಂಜಿ ಕಾಯಿಸಿ ಗಂಡನ ಬಾಯಿಯ ಹತ್ತಿರ ಒಯ್ದಳು. ದೇವಿಂದ್ರಪ್ಪ ಆ ಬಟ್ಟಲು ನೋಡಿದ, ಅವಳ ಕೈ ನೋಡಿದ, ಮುಖ ತಿರುಗಿಸಿದ.

"ಅವ್ವಾ, ನೀ ಕುಡಸು" ಅಂದ.

ಊರೆಲ್ಲ ಅಂದದ್ದನ್ನು ಗುರುದೇವಿ ತಡೆದುಕೊಂಡಿದ್ದಳು. ಇದನ್ನು ತಡೆಯಲಾಗಲಿಲ್ಲ. ಅವಳ ರೊಟ್ಟಿಯನ್ನು ಫರ್ಸಿಗೆ ಹೋಲಿಸಿ ನಗುತ್ತಿದ್ದ ಬಾಯಿ ಅದು. ಬಟ್ಟಲನ್ನು ಅತ್ತೆಯ ಮುಂದೆ ಕುಕ್ಕಿ ಹಿತ್ತಲಿಗೆ ಹೋದಳು. ಆಮೇಲೆ ಗಂಡ ಸತ್ತಾಗಲೂ ಅವಳು ಅಂದು ಅತ್ತಷ್ಟು ಅಳಲಿಲ್ಲ.

ಸಂಕ್ರಮಣಕ್ಕೆ ಸ್ವಲ್ಪ ಮೊದಲು ದೇವಿಂದ್ರಪ್ಪ ತೀರಿಕೊಂಡ. ಮಣ್ಣು ಕೊಟ್ಟು ಬಂದ ದಿನವೇ ಗುರುದೇವಿಯ ಅಣ್ಣ ಸಂಗಣ್ಣ ಅಂದ, "ನಡಿ ತಂಗಿ, ಮುಧೋಳಕ್ಕ ಹೋಗಮು. ಇಲ್ಲಿ ನಿನಗ ಯಾರದಾರ?"

"ಹೋದ್ರ, ‘ಖರೇ ಅದ, ಅದಕ್ಕೇ ಓಡಿ ಹೋದಳು’ ಅಂತಾರ. ನಾ ಹೋಗಂಗಿಲ್ಲಣ್ಣ. ಹಾಕಿಲ್ಲ ಅಂತ ಇವರ ಬಾಯಿಲೇ ಬರೋತನಾ ಇಲ್ಲೇ ಇರ್ತೀನಿ."

"ಅದು ಬರ್ತದೇನು?"

"ಬರ್ಲಿಕ್ಕಿಲ್ಲ. ನಾ ಇರ್ತೀನಿ."

ಅಂಗಳದಲ್ಲಿ ಮೂರು ಕಲ್ಲು ಹೂಡಿ ತನ್ನ ಒಲೆ ಮಾಡಿಕೊಂಡಳು. ಗಂಡ ಕಲ್ಲು ಎಬ್ಬಿಸುತ್ತಿದ್ದ ಖಣಿಯಲ್ಲಿ ಚೂರು ಕಲ್ಲು ಹೊರುವ ಕೆಲಸಕ್ಕೆ ಹೋದಳು. ಓಣಿಯ ಮದುವೆಗಳಿಗೆ ರೊಟ್ಟಿ ಬಡಿಯಲು ಎಲ್ಲರನ್ನೂ ಕರೆಯುತ್ತಿದ್ದರು, ಅವಳ ಬಾಗಿಲು ದಾಟಿ ಹೋಗುತ್ತಿದ್ದರು. ಇವೆಲ್ಲಕ್ಕಿಂತ ದೊಡ್ಡ ಶಿಕ್ಷೆಯನ್ನು ಮಹಾದೇವಮ್ಮ ಮೊದಲ ವಾರದಲ್ಲೇ ಹಾಕಿದ್ದಳು. "ಹುಡುಗಿ ನನ್ನ ಒಲಿ ಮ್ಯಾಲಿಂದೇ ಉಣ್ತಾಳ. ಗಂಡನ್ನ ತಿಂದಾಕಿ ಮಗಳನ್ನ ತಿನ್ನೋದು ಬ್ಯಾಡ. ನಿನ್ನ ಕೈಯಿಂದ ಅಕಿಗಿ ಹನಿ ನೀರೂ ಬ್ಯಾಡ."

ಒಂದೇ ಅಂಗಳ, ಎರಡು ಒಲೆ. ಮಗಳು ಒಳಗೆ ಉಣ್ಣುವಾಗ ಗುರುದೇವಿ ಹೊರಗಿನ ಒಲೆಯ ಮುಂದೆ ಕುಳಿತು ನೋಡುತ್ತಿದ್ದಳು. ಹಾಗೆಯೇ ವರ್ಷಗಳು ಹೋದವು. ತಾಯಿಯ ಕೈಯ ಒಂದು ಅಗುಳೂ ಆ ಮಗಳ ಹೊಟ್ಟೆಗೆ ಹೋಗಲಿಲ್ಲ. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮಗಳು ಶಾಲೆ ಬಿಟ್ಟಾಗ ಮನೆಗೆಲಸಕ್ಕೆಂದು ಬಿಟ್ಟಳು ಎಂದು ಎಲ್ಲರೂ ತಿಳಿದರು. ಪಾಠದ ನಡುವೆ ಎದ್ದು ಎದ್ದು ಹೊರಗೆ ಓಡುವ ಹುಡುಗಿಯನ್ನು ನೋಡಿ ಹುಡುಗರು ಏನು ಹಾಡು ಕಟ್ಟಿದ್ದರು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದರೆ ಮತ್ತೆ ಅವ್ವನ ಕೈಯನ್ನೇ ನೋಡುತ್ತಾರೆಂದು ಮಗಳು ಬಾಯಿ ಬಿಟ್ಟಿರಲಿಲ್ಲ.

ಒಂದು ನಸುಕಿನಲ್ಲಿ ಗುರುದೇವಿ ಕೆಲಸಕ್ಕೆ ಹೊರಡಲು ಎದ್ದಾಗ, ಮಗಳು ಚರಿಗೆ ಹಿಡಿದು ಗೋಡೆಗೆ ಒರಗಿ ಒರಗಿ ಬರುತ್ತಿದ್ದುದು ಕಂಡಿತು. ಹತ್ತಿರ ಹೋದಳು. ಲಂಗದ ಮೇಲೆ ಕಲೆಯಿತ್ತು. ಅದು ತಿಂಗಳಿನದಲ್ಲ. ಗಂಡನ ಧೋತರ ಒಗೆದವಳಿಗೆ ಆ ಕಲೆಯ ಗುರುತು ಹೇಳಿಕೊಡಬೇಕಾಗಿರಲಿಲ್ಲ.

"ಯಾವಾಗಿಂದ?"

ಮಗಳು ತಲೆ ತಗ್ಗಿಸಿದಳು.

"ಯಾವಾಗಿಂದ ಅಂತ ಕೇಳಾಕತ್ತೀನಿ!"

"ಭಾಳ ದಿನದಿಂದ, ಅವ್ವಾ."

ಗುರುದೇವಿಯ ಕಣ್ಣು ಒಳಗಿನ ಒಲೆಯ ಕಡೆ ತಿರುಗಿತು. ಅಲ್ಲಿ ಮಹಾದೇವಮ್ಮ ಹಿಟ್ಟು ನಾದುತ್ತಿದ್ದಳು. ಯಾವ ಮಾತು ಅವಳ ಬದುಕನ್ನು ಸುಟ್ಟಿತ್ತೋ, ಆ ಕ್ಷಣ ಗುರುದೇವಿ ಅದೇ ಮಾತನ್ನು ನಂಬಿಬಿಟ್ಟಳು. ಮಗಳು ಉಂಡದ್ದು ಈ ಒಲೆಯದು. ಹಾಗಾದರೆ ಹಾಕಿದವಳು ಈ ಮುದುಕಿ. ಬಾಗಿಲು ದೂಡಿ ಒಳಗೆ ಹೋಗಿ ಅತ್ತೆಯ ಹಿಟ್ಟಿನ ಕೈ ಹಿಡಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಬಾಯಲ್ಲಿ ಏಕವಚನ ಬಂತು.

"ನನ್ನ ಗಂಡಗ ನಾ ಹಾಕಿದೆ ಅಂದಿ. ನನ್ನ ಮಗಳಿಗಿ ಯಾರ್ ಹಾಕಿದ್ರು? ಈ ಕೈ ಅಲ್ಲೇನು?"

"ಏ ಬಿಡ, ಹುಚ್ಚಿ! ಏನ್ ಮಾತಾಡ್ತಿ!"

ಗುರುದೇವಿ ಬುಟ್ಟಿಯಿಂದ ರೊಟ್ಟಿ ಮುರಿದು ಅವಳ ಬಾಯಿಗೆ ಹಿಡಿದಳು. "ಉಣ್ಣು. ಮೊದಲ ತುತ್ತು ನೀ ಉಣ್ಣು. ಎಲ್ಲಾರೂ ನೋಡ್ಲಿ!"

ಗದ್ದಲಕ್ಕೆ ಬಿಬಿಜಾನ್ ಗೋಡೆಯ ಮೇಲೆ ತಲೆಯಿಟ್ಟಳು. ಆ ರೊಟ್ಟಿಯ ಚೂರು ನೋಡುತ್ತ ಮಹಾದೇವಮ್ಮನ ದನಿಯೇ ಬೇರೆಯಾಯಿತು, ಸಣ್ಣ ಹುಡುಗಿಯ ದನಿಯ ಹಾಗೆ.

"ನಾ ಹಾಕಿಲ್ಲ! ಈಗೂ ಹಾಕಿಲ್ಲ, ಆಗೂ ಹಾಕಿದ್ದಿಲ್ಲ! ಆಗೂ ಹಿಂಗೇ ಉಣಿಸಿ ಉಣಿಸಿ ನನ್ನ..."

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಳು.

"ಆಗ ಅಂದ್ರ ಯಾವಾಗ?" ಅಂದಳು ಗುರುದೇವಿ.

ಮಹಾದೇವಮ್ಮ ಮತ್ತೆ ಹಿಟ್ಟು ನಾದತೊಡಗಿದಳು.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ಎಲ್ಲ ಮನೆಗಳ ಪದ್ಧತಿ. ನೀಲಾಬಾಯಿಯನ್ನು ದೇವಿಂದ್ರಪ್ಪ ಜಡ್ಡಿಗೆ ಬಿದ್ದಾಗಿನಿಂದ ಯಾರೂ ಕರೆತಂದಿರಲಿಲ್ಲ. "ಅವ್ರು ಕಳಸಂಗಿಲ್ಲ" ಎಂದು ಮಹಾದೇವಮ್ಮ ಪ್ರತಿ ಸಲ ಹೇಳುತ್ತಿದ್ದಳು. ಅತ್ತೆಯ ಬಾಯಿಂದ ಜಾರಿದ ಆ ‘ಆಗ’ ಏನೆಂದು ನೀಲಾಬಾಯಿಗೆ ಗೊತ್ತಿದ್ದೀತೆಂದು ಈ ಸಲ ಗುರುದೇವಿ ಯಾರಿಗೂ ಹೇಳದೆ ಬುತ್ತಿ ಕಟ್ಟಿಕೊಂಡು, ಕಾಳಗಿಯ ಮೇಲೆ ಹೋಗುವ ಮೋಟಾರು ಹತ್ತಿ ಚಿಂಚೋಳಿಯಲ್ಲಿ ಇಳಿದಳು. ನಾದಿನಿಯ ಮನೆ ಚಂದಾಪುರದ ಕಡೆಗೆ ಹೋಗುವ ದಾರಿಯಲ್ಲಿತ್ತು.

ಬಾಗಿಲಲ್ಲೇ ನೀಲಾಬಾಯಿಯ ಅತ್ತೆ ಎದುರಾದಳು. ಕುಂದ್ರಿ ಅನ್ನಲಿಲ್ಲ, ನೀರು ಕೊಡಲಿಲ್ಲ.

"ಈಗರೆ ನೆನಪಾತೇನ್ರಿ? ಒಯ್ರಿ ನಿಮ್ಮ ಹುಡುಗಿನ್ನ! ಕೆಟ್ಟ ರಗತದಾಕಿನ್ನ ನಮ್ಮ ಕೊಳ್ಳಿಗಿ ಕಟ್ಟಿ ಕೈ ತೊಳಕೊಂಡ್ರಿ. ಅಕಿ ಹೊಟ್ಟಿದು ನನ್ನ ಮೊಮ್ಮಕ್ಕಳಿಗಿ ಹತ್ತಿದ್ರ ಯಾರ್ ಬರ್ತೀರಿ?"

"ಏನಾಗ್ಯದ್ರಿ ಅಕಿಗಿ?"

"ನನಗ ಕೇಳ್ತೀರಾ! ತವರುಮನ್ಯಾಗ ಕೇಳ್ರಿ!"

ನೀಲಾಬಾಯಿ ಹಿತ್ತಲಿನಲ್ಲಿ, ದನದ ಕೊಟ್ಟಿಗೆಗೆ ಹೊಂದಿದ ಕೋಣೆಯಲ್ಲಿದ್ದಳು. ಹಿಂದೆ ಕಂಡಿದ್ದ ತುಂಬುಗೆನ್ನೆಯ ಹುಡುಗಿ ಅಲ್ಲಿರಲಿಲ್ಲ. ಕೊರಳಿನ ಎಲುಬು ಎದ್ದಿದ್ದವು. ಅತ್ತಿಗೆಯನ್ನು ಕಂಡು ಎದ್ದು ನಿಂತು ನಕ್ಕಳು.

"ಬಾ ವೈನಿ. ನನ್ನ ಭೇಟಿ ಆಗ್ಬೇಕಂದ್ರ ಹಿತ್ತಲಕ್ಕೇ ಬರ್ಬೇಕು. ಗಂಡನ ಜೋಡಿ ಬಿಟ್ಟು ಚರಗಿ ಜೋಡಿ ಸಂಸಾರ ಮಾಡಾಕತ್ತೀನಿ."

ಗುರುದೇವಿಗೆ ನಗು ಬರಲಿಲ್ಲ. "ರಗತ ಬೀಳ್ತದೇನು? ನಿಂತಂಗಾಗಿ ಮತ್ತ ಬರ್ತದೇನು? ಮೊಣಕಾಲು ಬಾಯ್ತಾವೇನು?"

ನೀಲಾಬಾಯಿಯ ನಗು ನಿಂತಿತು. "ನಿನಗ ಹೆಂಗ ಗೊತ್ತು?"

"ನಿಮ್ಮಣ್ಣ ಅದರಾಗೇ ಹೋದ್ರಲ್ಲ."

"ಅಣ್ಣ? ಅಣ್ಣಗ ಜ್ವರ ಬಂದಿತ್ತು ಅಂತ ಅವ್ವ ಹೇಳಿ ಕಳಸಿದ್ಳು." ನೀಲಾಬಾಯಿ ನೆಲದ ಮೇಲೆ ಕುಳಿತುಬಿಟ್ಟಳು. "ಅಪ್ಪಗ ಇದೇ ಇತ್ತು ವೈನಿ. ಕಾಲರಾ ಅಲ್ಲ, ಇದೇ. ಅಣ್ಣಗೋಳು ವಾಡಿದಾಗಿದ್ರು, ನಾ ಸಣ್ಣಾಕಿ ಮನ್ಯಾಗಿದ್ದೆ. ನಮ್ಮ ಆಯಿ, ಅಪ್ಪನ ಅವ್ವ, ದಿನಾ ಅವ್ವಗ ಮೊದಲ ತುತ್ತು ಉಣಸ್ತಿದ್ಳು. ಮದ್ದು ಹಾಕಿದಿ ಅಂತ. ಅವ್ವ ಅಳಕೋತ ಉಣ್ಣೋದು ಬಾಗಲ ಸಂದಿನಾಗಿಂದ ನೋಡೀನಿ. ಎರಡನೇ ಬಾಣಂತನ ಆದಮ್ಯಾಲ ನನಗೂ ಶುರು ಆತು. ಅವ್ವ ಒಮ್ಮಿ ಬಂದು ನೋಡಿ, ಅಪ್ಪಂದು ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸಿಕೊಂಡು ಹೋದ್ಳು. ಮತ್ತ ಬರ್ಲೇ ಇಲ್ಲ."

ಗುರುದೇವಿ ಕೊಟ್ಟಿಗೆಯ ಕಂಬ ಹಿಡಿದು ನಿಂತಳು. ಅಮೃತಪ್ಪನಿಗೆ, ಮಗಳಿಗೆ ಬಡಿಸಿದ್ದು ಅತ್ತೆಯ ಕೈ, ದೇವಿಂದ್ರಪ್ಪನಿಗೆ ತನ್ನ ಕೈ, ನೀಲಾಬಾಯಿ ಉಂಡದ್ದು ಮತ್ತೊಂದು ಊರಿನ ಒಲೆಯದು. ಬಡಿಸಿದ ಕೈ ಒಂದೇ ಅಲ್ಲ. ನಾಲ್ವರಿಗೂ ಒಂದಾಗಿದ್ದದ್ದು ಹುಟ್ಟಿದ ಮನೆತನ ಮಾತ್ರ. ಶಹಾಬಾದಿನಲ್ಲಿ ಸೊಸೆಯ ಕೈ ಕೆಟ್ಟದ್ದು ಅಂದರು, ಇಲ್ಲಿ ಸೊಸೆಯ ರಕ್ತ ಕೆಟ್ಟದ್ದು ಅನ್ನುತ್ತಿದ್ದರು. ಎರಡು ಕಡೆಯೂ ಹೊರಗೆ ಹಾಕಿದ್ದು ಸೊಸೆಯನ್ನೇ. ಡಾಕ್ಟರು ಕುರ್ಚಿ ಎಳೆದುಕೊಂಡು ಕೇಳಿದ ಮಾತು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಇವರ ತಂದಿಗಿ? ತಂಗಿಗಿ? ಅತ್ತೆ ಸೆರಗು ಎಳೆದುಕೊಂಡದ್ದು ಕಣ್ಣ ಮುಂದೆ ಬಂತು.

ನೀಲಾಬಾಯಿಯ ಕೈ ಹಿಡಿದು ಮೋಟಾರು ಹತ್ತಿಸಿ ಶಹಾಬಾದಿಗೆ ಕರೆತಂದಳು.

ನೀಲಾಬಾಯಿಯನ್ನು ಬಾಗಿಲಲ್ಲಿ ಕಂಡ ಮಹಾದೇವಮ್ಮ ಎಲ್ಲವನ್ನೂ ತಿಳಿದುಕೊಂಡಳು. ಆದರೂ ಮೊದಲು ಸೆಣಸಾಡಿದಳು. "ರಗತದಾಗ ಇದ್ದಿದ್ರ ಕಲ್ಯಾಣಪ್ಪಗ ಯಾಕ ಬರ್ಲಿಲ್ಲ? ಗುಂಡಕಲ್ಲಿನಂಗ ಅದಾನ!"

"ಮಾವನ ಬೆಕ್ಕಿನ ಕಣ್ಣು ದೇವಿಂದ್ರಗ ಒಬ್ಬಗೇ ಬಂದಾವ ಅಂತ ನೀವೇ ಊರಿಗೆಲ್ಲ ತೋರಸ್ತಿದ್ರಿ. ಕಲ್ಯಾಣಪ್ಪ ಭಾವಗ ಯಾಕ ಬರ್ಲಿಲ್ಲ? ಹಂಗೇ ಇದು. ಡಾಕ್ಟರ್ ಅದನ್ನೇ ಹೇಳಿದ್ರು. ಯಾಕ ಹೇಳಲಿಲ್ರಿ ಅವರಿಗಿ?"

"ಹೇಳಿದ್ರ?" ಮಹಾದೇವಮ್ಮ ಕಿರುಚಿದಳು. "ಹೇಳಿದ್ರ ನೀಲಾನ ಮನಿಯವ್ರಿಗಿ ಅಂದೇ ಗೊತ್ತಾಗ್ತಿತ್ತು! ಈ ಹುಡುಗಿನ್ನ ಯಾರ್ ಮಾಡಕೋತಿದ್ರು? ಸೊಸಿ ಮ್ಯಾಲ ಹಾಕಿದ್ರ ಮನಿತನ ಉಳೀತದ. ನನ್ನ ಮ್ಯಾಲೂ ಹಂಗೇ ಹಾಕಿದ್ರು. ನಾ ಸತ್ತೇನು?"

"ನೀವು ಸಾಯ್ಲಿಲ್ಲ. ನಿಮ್ಮ ಮಗ ಸತ್ತ. ಬ್ಯಾರೆ ದವಾಕ್ಕ ಉಳೀತಿದ್ನೋ ಇಲ್ಲೋ ನನಗ ಗೊತ್ತಿಲ್ಲ. ಕೊಟ್ಟು ನೋಡಾಕಾದ್ರೂ ಬಿಡಬೇಕಿತ್ತು. ನಿಮಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದು ದಿನಾ ನನಗ ಆ ತುತ್ತು ಉಣಿಸಿದ್ರಿ."

ಮಹಾದೇವಮ್ಮ ಎದ್ದಳು. ಅಂಗಳಕ್ಕೆ ಬಂದು, ಗುರುದೇವಿಯ ಮೂರು ಕಲ್ಲಿನ ಒಲೆಯ ಮುಂದೆ ಕುಳಿತು, ಬುಟ್ಟಿಯಲ್ಲಿದ್ದ ರೊಟ್ಟಿ ತೆಗೆದು ಬೀದಿಯವರೆಲ್ಲ ನೋಡುವಂತೆ ತಿಂದಳು. ತಿನ್ನುತ್ತ ಅತ್ತಳು.

ಗುರುದೇವಿಯ ಮನಸ್ಸು ಕರಗಲಿಲ್ಲ. "ಉಂಡ್ರ ಆಗಂಗಿಲ್ರಿ. ಉಂಡು ಉಂಡು ನನಗೂ ಏನೂ ಆಗಿಲ್ಲ. ಬಾಯಿಲೇ ಹೇಳ್ರಿ. ಬಾವಿ ಹಂತ್ಯಾಕ, ಎಲ್ಲಾರ ಮುಂದ."

"ಹುಡುಗಿದು ಮದುವಿ ಒಂದು ಆಗ್ಲಿ. ಆಮ್ಯಾಲ ಹೇಳ್ತೀನಿ."

"ಹಂಗಾದ್ರ ನಾನೇ ಹೇಳ್ತೀನಿ."

ಕೊಡ ಎತ್ತಿಕೊಂಡು ಗುರುದೇವಿ ಬಾವಿಗೆ ಹೋದಳು. ಅಂದು ಬಾಗಿಲಲ್ಲಿ ನಿಂತು ನೋಡಿದ ಹೆಂಗಸರೆಲ್ಲ ಅಲ್ಲಿದ್ದರು. ಬಿಬಿಜಾನ್ ಹಗ್ಗ ಬಿಟ್ಟು ಕೇಳಿದಳು, "ಏನಾತವ್ವಾ? ಮಾರಿ ಕೆಂಪ ಕೆಂಡ ಆಗ್ಯದಲ್ಲ?" ಗುರುದೇವಿ ಬಾಯಿ ತೆರೆದಳು. ಇಷ್ಟು ವರ್ಷ ಕಾಯ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅವಳು ಗೆದ್ದಳು. ಹೇಳಿದರೆ ಇನ್ನು ಮೇಲೆ ಇವರೆಲ್ಲ ಮಗಳ ಕಡೆ ಬೆರಳು ಮಾಡುತ್ತಾರೆ. ಬಾಯಿ ಹಾಗೆಯೇ ಮುಚ್ಚಿತು. ಖಾಲಿ ಕೊಡ ಹೊತ್ತು ಮನೆಗೆ ಬಂದವಳು ಅದನ್ನು ಅಂಗಳದ ಫರ್ಸಿಗೆ ಅಪ್ಪಳಿಸಿದಳು. ತಾಮ್ರದ ಕೊಡ ನೆಗ್ಗಿತು.

"ನನ್ನ ಬಾಯಿನೂ ಹೊಲಿದು ಇಟ್ಟಾಳ ನೋಡು ಈ ಮುದುಕಿ! ನನ್ನನ್ನೂ ತನ್ನಂಗೇ ಮಾಡಿಟ್ಟಾಳ!"

ಆಗ ಯಾವಾಗಲೂ ಮಾತಾಡದ ಮಗಳು ಕಂಬದ ಹಿಂದಿನಿಂದ ಅಂದಳು, "ಅವ್ವಾ, ನಾ ಬರೀತೀನಿ."

"ಏನ್ ಬರೀತಿ?"

"ಎಲ್ಲಾ. ಬಾಯಿಲೇ ಹೇಳಾಕ ನನಗೂ ಆಗಂಗಿಲ್ಲ. ನಂದೂ ಬರೀತೀನಿ, ಮುಚ್ಚಿಡಂಗಿಲ್ಲ."

"ನಿನ್ನ ಯಾರೂ ಮಾಡಕೊಳ್ಳಂಗಿಲ್ಲ, ಮಗಳೇ."

ಮಗಳು ನೀಲಾಬಾಯಿಯ ಕಡೆ ನೋಡಿದಳು. "ಮಾಡಕೊಂಡವ್ರ ಹಿತ್ತಲದಾಗ ಇರೋಕಿಂತ ನಿನ್ನ ಒಲಿ ಮುಂದ ಇರ್ತೀನಿ."

ನೀಲಾಬಾಯಿ ಜೋರಾಗಿ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗುರುದೇವಿ ನೆಗ್ಗಿದ ಕೊಡ ಎತ್ತಿ ನೋಡಿ ಪಕ್ಕಕ್ಕಿಟ್ಟಳು. ಒಲೆಗೆ ಕಟ್ಟಿಗೆ ಹಾಕಿ, ರೊಟ್ಟಿ ಬಡಿದು, ಗಂಗಾಳದಲ್ಲಿ ಮಗಳ ಮುಂದಿಟ್ಟಳು. ಎಷ್ಟೋ ವರ್ಷಗಳ ಮೇಲೆ ಇಟ್ಟಳು. ಮಹಾದೇವಮ್ಮ ಬೇಡವೆನ್ನಲು ಕೈ ಎತ್ತಲಿಲ್ಲ. ಗುರುದೇವಿ ಅವಳೊಡನೆ ಇಂದಿಗೂ ಮಾತಾಡುವುದಿಲ್ಲ. ಮನ್ನಿಸು ಎಂದು ಅವ್ವನಿಗೆ ನಾನೂ ಹೇಳಿಲ್ಲ.

ಬರೆದು ಮುಗಿಸಿದ್ದೇನೆ. ನಾಳೆ ಇದನ್ನು ಮೊದಲು ಬಿಬಿಜಾನ್ ಚಾಚಿಗೆ, ಆಮೇಲೆ ಬಾವಿಯ ಹತ್ತಿರ ಯಾರು ಕೇಳುತ್ತಾರೋ ಅವರಿಗೆ ಓದಿ ಹೇಳುತ್ತೇನೆ. ಸೋಮವಾರ ಮುಂಜಾನೆಯ ಗಾಡಿಗೆ ಅವ್ವ ಮತ್ತು ನೀಲಾ ಅತ್ತೆಯ ಜೊತೆ ಗುಲ್ಬರ್ಗಾದ ದವಾಖಾನೆಗೆ ಹೋಗುತ್ತೇನೆ. ಮನೆಯಲ್ಲಿ ಮತ್ತೆ ಯಾರಿಗಿತ್ತು ಎಂದು ಡಾಕ್ಟರು ಕೇಳಿದರೆ, ಅಜ್ಜ ಅಮೃತಪ್ಪನಿಗೆ, ಅಪ್ಪ ದೇವಿಂದ್ರಪ್ಪನಿಗೆ, ಅತ್ತೆ ನೀಲಾಬಾಯಿಗೆ ಎಂದು ನಾನೇ ಹೇಳುತ್ತೇನೆ.